ಓದಿ ಹೇಳಲಾಗಿ ಒಪ್ಪಿದ್ದೇನೆ

ಕಳೆದ ತಿಂಗಳು ನಮ್ಮ ಕನ್ನಡ ಶಾಲೆಯ ಪೋಷಕರ ಸಭೆ ಮುಗಿದು ಹೊರಗೆ ಬರುವಾಗ, ಎರಡನೆಯ ತರಗತಿಯ ಹುಡುಗನೊಬ್ಬನ ತಂದೆ ನನ್ನನ್ನು ಬೇವಿನ ಮರದ ಕೆಳಗೆ ನಿಲ್ಲಿಸಿಕೊಂಡರು. ಅವರ ಪತ್ನಿಗೆ ಎಂಟನೆಯ ತಿಂಗಳು ನಡೆಯುತ್ತಿದೆ. ಹಿಂದಿನ ಹೆರಿಗೆಯಲ್ಲಿ ನೋವು ಕಾಣಿಸುವ ಮೊದಲೇ ನೀರು ಒಡೆದಿತ್ತಂತೆ. ಈ ಸಲವೂ ಹಾಗಾದೀತೆಂಬ ಭಯ. "ವಕೀಲರೇ, ಆಸ್ಪತ್ರೆಯವರು ನಾಲ್ಕು ಕಡೆ ಸಹಿ ಹಾಕಿಸಿಕೊಳ್ಳುತ್ತಾರೆ. ಅದರಲ್ಲಿ ಏನಿರುತ್ತದೆ ಎಂದು ಹೇಳುತ್ತೀರಾ?" ಎಂದು ಕೇಳಿದರು. ನಾನು ವೈದ್ಯನಲ್ಲ, ಕಲ್ಯಾಣದುರ್ಗದ ನ್ಯಾಯಾಲಯದಲ್ಲಿ ವಕೀಲಿ ಮಾಡುವವನು. ಆದರೂ ಆ ಕಾಗದದ ವಿಷಯದಲ್ಲಿ ನನಗೆ ಒಂದು ಋಣವಿದೆ. ಅದನ್ನು ಹೇಳಿಕೊಳ್ಳಲು ಈ ಲೇಖನ.

2019ರ ಫೆಬ್ರುವರಿ, ಶಿವರಾತ್ರಿಗೆ ಇನ್ನೂ ಎರಡು ವಾರವಿತ್ತು. ಕಂಬದೂರಿನ ನಮ್ಮ ಮನೆಯಲ್ಲಿ ಬೆಳಗಿನ ಜಾವ ಎರಡೂವರೆಗೆ ಪತ್ನಿ ನನ್ನನ್ನು ಎಬ್ಬಿಸಿದಳು. ಹಾಸಿಗೆ ಒದ್ದೆಯಾಗಿತ್ತು. ಮೂತ್ರವಿರಬಹುದೇ ಎಂದು ನಾನು ಕೇಳಿದೆ. "ಅಲ್ಲ ರೀ, ತಡೆದರೆ ನಿಲ್ಲುತ್ತಿಲ್ಲ" ಎಂದಳು. ದೀಪ ಹಚ್ಚಿ ನೋಡಿದರೆ ನೀರು ತಿಳಿಯಾಗಿತ್ತು, ದುರ್ವಾಸನೆ ಇರಲಿಲ್ಲ. ಅವಳೇ ಮೊದಲು ಗಡಿಯಾರ ನೋಡಿ ಹೊತ್ತು ಬರೆದಿಟ್ಟಳು. ನೀರು ಒಡೆದ ಹೊತ್ತು ಎಷ್ಟು ಮುಖ್ಯವೆಂಬುದು ನನಗೆ ತಿಳಿದದ್ದು ಆಸ್ಪತ್ರೆಗೆ ಹೋದ ಮೇಲೆ. ಅಲ್ಲಿ ಪ್ರತಿಯೊಬ್ಬರೂ ಕೇಳಿದ ಮೊದಲ ಪ್ರಶ್ನೆ ಅದೇ.

ಅಮ್ಮ ಎದ್ದು ಬಂದಳು. ಅವಳ ಚಿಂತೆ ಬೇರೆ. "ಎಂಟು ತುಂಬಿತೋ ಇಲ್ಲವೋ?" ಏಳು ತಿಂಗಳಿಗೆ ಹುಟ್ಟಿದ್ದು ಉಳಿಯುತ್ತದೆ, ಎಂಟಕ್ಕೆ ಹುಟ್ಟಿದ್ದು ಉಳಿಯದು ಎಂಬ ಮಾತು ನಮ್ಮ ಕಡೆ ಎಲ್ಲ ಹಿರಿಯರ ಬಾಯಲ್ಲೂ ಇದೆ. ತಾಯಿ ಕಾರ್ಡಿನ ಪ್ರಕಾರ ಅಂದಿಗೆ 35 ವಾರ 5 ದಿನ. ಕಾಲಮಿತಿ ಕಾಯಿದೆಯ 12ನೆಯ ಕಲಮಿನಂತೆ ನಾವು ವಕೀಲರು ಲೆಕ್ಕ ಹಾಕುವಾಗ ಆರಂಭದ ದಿನವನ್ನು ಬಿಟ್ಟುಬಿಡುತ್ತೇವೆ. ವೈದ್ಯರ ಲೆಕ್ಕ ಇದಕ್ಕೆ ತೀರ ವಿರುದ್ಧ: ಗರ್ಭ ನಿಲ್ಲುವುದಕ್ಕೂ ಸುಮಾರು ಎರಡು ವಾರ ಮುಂಚಿನ ಮುಟ್ಟಿನ ಮೊದಲ ದಿನದಿಂದಲೇ ವಾರಗಳನ್ನು ಎಣಿಸುತ್ತಾರೆ. ಆ ಲೆಕ್ಕದಲ್ಲಿ 37 ವಾರ ತುಂಬುವ ಮೊದಲು ಹುಟ್ಟಿದರೆ ಅವಧಿಗೆ ಮುನ್ನ. ಹೊಟ್ಟೆಯಲ್ಲಿ ಹೆಚ್ಚು ವಾರ ಕಳೆದಷ್ಟೂ ಮಗುವಿನ ಶ್ವಾಸಕೋಶ ಬಲಿಯುತ್ತದೆ; ಏಳು ಒಳ್ಳೆಯದು, ಎಂಟು ಕೆಟ್ಟದ್ದು ಎಂಬುದಕ್ಕೆ ಆಧಾರವಿಲ್ಲ. ಆದರೆ ಆ ಜಾವದಲ್ಲಿ ಅಮ್ಮನಿಗೆ ಇದನ್ನು ಹೇಳುವ ಧೈರ್ಯ ನನಗಿರಲಿಲ್ಲ. ಒಳಗೊಳಗೆ ನನಗೂ ಅದೇ ಭಯವಿತ್ತು.

ನೆರೆಮನೆಯ ಅಜ್ಜಿ, ಹಿಂದೆ ಎಷ್ಟೋ ಹೆರಿಗೆ ಮಾಡಿಸಿದಾಕೆ, ಕೈಯಿಟ್ಟು ನೋಡುತ್ತೇನೆ ಎಂದರು. ಪತ್ನಿ ನಯವಾಗಿ ಬೇಡವೆಂದಳು. ಅದು ಸರಿಯಾಗಿತ್ತು. ನೀರಿನ ಚೀಲ ಇರುವವರೆಗೆ ಅದು ಮಗುವಿಗೆ ಗೋಡೆಯಿದ್ದಂತೆ. ಗೋಡೆ ಬಿದ್ದ ಮೇಲೆ ಕೈಯಿಂದಾಗಲಿ ಬಟ್ಟೆಯಿಂದಾಗಲಿ ಸೋಂಕು ಒಳಸೇರುವ ದಾರಿ ತೆರೆದಿರುತ್ತದೆ. ಸ್ವಚ್ಛವಾದ ಪ್ಯಾಡ್ ಒಂದನ್ನು ಇಟ್ಟುಕೊಂಡು, ಬಳಸಿದ್ದನ್ನು ಎಸೆಯದೆ ವೈದ್ಯರಿಗೆ ತೋರಿಸಲು ತೆಗೆದಿಟ್ಟುಕೊಳ್ಳಬೇಕು. ನೀರು ಹಸಿರಾಗಿಯೋ ಕಂದಾಗಿಯೋ ಇದ್ದರೆ, ರಕ್ತ ಬಂದರೆ, ಜ್ವರವಿದ್ದರೆ, ಮಗುವಿನ ಮಿಸುಕಾಟ ಕಡಿಮೆಯಾದರೆ ಒಂದು ಗಳಿಗೆಯೂ ಮನೆಯಲ್ಲಿರಕೂಡದು. ಹೊಕ್ಕುಳಬಳ್ಳಿಯೇ ಹೊರಗೆ ಕಂಡರೆ ಅದನ್ನು ಮುಟ್ಟದೆ, ತಾಯಿಯನ್ನು ಮಂಡಿಯೂರಿಸಿ ಎದೆ ನೆಲಕ್ಕೆ ತಾಗುವಂತೆ ಬಾಗಿಸಿ, ಹಾಗೆಯೇ ಆಸ್ಪತ್ರೆಗೆ ಸಾಗಿಸಬೇಕು.

ನಾವು 108ಕ್ಕೆ ಕರೆ ಮಾಡಿದೆವು. ದೊಡ್ಡ ಮಗ, ಆಗ ಆರು ವರ್ಷದವನು, ಚಿಕ್ಕಪ್ಪನ ಮನೆಗೆ ಹೋದ. ಬೆಳಗಾಗುವ ಮೊದಲೇ ಕಲ್ಯಾಣದುರ್ಗ ಸೇರಿದೆವು. ಅಲ್ಲಿ ಲೋಹದ ಉಪಕರಣವಿಟ್ಟು ನೋಡಿ, ಹಳದಿ ಕಾಗದದ ಚೂರೊಂದಕ್ಕೆ ನೀರು ತಾಗಿಸಿದರು. ಕಾಗದ ನೀಲಿಗೆ ತಿರುಗಿತು. ಗರ್ಭದ ನೀರು ಕ್ಷಾರಗುಣದ್ದು, ಮೂತ್ರ ಸಾಮಾನ್ಯವಾಗಿ ಹಾಗಲ್ಲ ಎಂದು ವಿವರಿಸಿದರು. "ಉಮ್ಮನೀರು ಪೋಯಿಂದಿ" ಎಂದು ಚೀಟಿಯಲ್ಲಿ ಬರೆದು, ಮಗು ಬೇಗ ಹುಟ್ಟಿದರೆ ಅದನ್ನು ನೋಡಿಕೊಳ್ಳುವ ಘಟಕವಿರುವಲ್ಲಿಗೆ, ಅನಂತಪುರಕ್ಕೆ, ಕಳುಹಿಸಿದರು. 34 ವಾರದೊಳಗೆ ಹೀಗಾದರೆ ಮಗುವಿನ ಶ್ವಾಸಕೋಶ ಬಲಿಯಲು ತಾಯಿಗೆ ಡೆಕ್ಸಾಮೆಥಾಸೋನ್ ಚುಚ್ಚುಮದ್ದು ಕೊಡುತ್ತಾರೆ: 6 ಮಿಲಿಗ್ರಾಂ, ಹನ್ನೆರಡು ಗಂಟೆಗೊಮ್ಮೆ, ನಾಲ್ಕು ಸಲ. ಅದರ ಮೊದಲ ಡೋಸನ್ನು ದೊಡ್ಡ ಆಸ್ಪತ್ರೆಗೆ ಕಳುಹಿಸುವ ಮುನ್ನ ಹಳ್ಳಿಯ ಎಎನ್‌ಎಂ ಕೂಡ ಕೊಡಬಹುದೆಂದು ಕೇಂದ್ರ ಆರೋಗ್ಯ ಇಲಾಖೆ 2014ರಲ್ಲಿಯೇ ಮಾರ್ಗಸೂಚಿ ಹೊರಡಿಸಿದೆ. ನಮಗೆ ಅದರ ಅಗತ್ಯ ಬೀಳಲಿಲ್ಲ. ನಮ್ಮ ಊರುಗಳಿಂದ ಜಿಲ್ಲಾ ಕೇಂದ್ರ ಎಷ್ಟು ದೂರವೆಂದು ಬಲ್ಲವರಿಗೆ ಇದು ಉಪಯೋಗಕ್ಕೆ ಬಂದೀತೆಂದು ಬರೆದೆ.

ಅನಂತಪುರದ ಆಸ್ಪತ್ರೆಯಲ್ಲಿ ಹಾಸಿಗೆ ಸಿಕ್ಕಿ ಅರ್ಧ ಗಂಟೆಯಾಗಿರಲಿಲ್ಲ, ಸಿಬ್ಬಂದಿಯೊಬ್ಬರು ಕಾಗದಗಳನ್ನು ತಂದು ನನ್ನ ಕೈಗೆ ಕೊಟ್ಟರು. ನನ್ನ ಕೈಗೆ, ಹಾಸಿಗೆಯ ಮೇಲಿದ್ದವಳ ಕೈಗಲ್ಲ. ಅರ್ಧ ತೆಲುಗು, ಅರ್ಧ ಇಂಗ್ಲಿಷ್. ಕೊನೆಯಲ್ಲಿ 'ಭರ್ತ ಅಥವಾ ಸಂರಕ್ಷಕುನಿ ಸಂತಕಂ' ಎಂಬ ಗೆರೆ ಮೊದಲು, ರೋಗಿಯ ಸಹಿಯ ಗೆರೆ ಅದರ ಕೆಳಗೆ. ದಿನಕ್ಕೆ ಇಪ್ಪತ್ತು ಕಡೆ ಸಹಿ ಹಾಕುವ ಕೈ ನನ್ನದು. ಜೇಬಿನಿಂದ ಪೆನ್ನು ತೆಗೆದು ಹಾಕಿಬಿಟ್ಟೆ. ಆಮೇಲೆ ಅವಳ ಮುಂದೆ ಹಿಡಿದು, ಇಲ್ಲಿ ಹಾಕು ಎಂದೆ.

"ಏನು ಬರೆದಿದೆ?"

"ಏನಿಲ್ಲ. ನೋವು ಬರಿಸುವುದಕ್ಕೆ ಒಪ್ಪಿಗೆ."

ಅವಳು ಕಾಗದದ ಎರಡೂ ಬದಿ ತಿರುವಿ ನೋಡಿದಳು. "ಇಷ್ಟು ಉದ್ದ ಬರೆದದ್ದು ಅಷ್ಟಕ್ಕೇಯೇ? ನಿಮ್ಮ ಕಕ್ಷಿದಾರರಿಗೂ ಹೀಗೆಯೇ ಹೇಳುತ್ತೀರಾ?"

ಅವಳು ಪಾವಗಡ ತಾಲ್ಲೂಕಿನವಳು. ಹತ್ತನೆಯ ತರಗತಿಯವರೆಗೆ ಓದಿದ್ದು ಕನ್ನಡದಲ್ಲಿ. ತೆಲುಗನ್ನು ನಮ್ಮೆಲ್ಲರಂತೆ ಸರಾಗವಾಗಿ ಮಾತಾಡುತ್ತಾಳೆ. ಲಿಪಿಗಳು ಅಕ್ಕತಂಗಿಯರಂತಿರುವುದರಿಂದ ಅಕ್ಷರ ಕೂಡಿಸಿ ಓದಲೂ ಬಲ್ಲಳು. ಆದರೆ ಆಸ್ಪತ್ರೆಯ ತೆಲುಗು ಸಂತೆಯ ತೆಲುಗಲ್ಲ. ಅದರ ಅರ್ಧ ಪದಗಳು ತೆಲುಗು ಮನೆಯವರಿಗೂ ತಿಳಿಯವು.

ಅವಳ ಮಾತು ಎಲ್ಲಿ ತಾಗಿತೆಂದು ಹೇಳಬೇಕು. ನಾವು ಬರೆಯುವ ಪ್ರತಿ ಪತ್ರದ ತುದಿಯಲ್ಲಿ ಒಂದು ವಾಕ್ಯವಿರುತ್ತದೆ. ತೆಲುಗಿನಲ್ಲಿ 'ಚದಿವಿ ವಿನಿಪಿಂಚಗಾ', ಕನ್ನಡದಲ್ಲಿ 'ಓದಿ ಹೇಳಲಾಗಿ ಕೇಳಿ ತಿಳಿದುಕೊಂಡು ಒಪ್ಪಿ'. ಗಡಿಯ ಹಳ್ಳಿಯೊಂದರ ಕನ್ನಡದ ರೈತ, ಕಡಲೆಕಾಯಿ ಬೆಳೆಯುವ ಮುದುಕ, ಕೆಲವು ವರ್ಷಗಳ ಹಿಂದೆ ಅಣ್ಣತಮ್ಮಂದಿರ ಪಾಲುಪಾರಿಕತ್ತಿಗಾಗಿ ನನ್ನಲ್ಲಿಗೆ ಬಂದಿದ್ದ. ಪತ್ರ ಬರೆದವನು ನಾನು. ಅಂದು ಬೇರೆ ಕೇಸಿನ ಕೂಗಿಗೆ ಓಡಬೇಕಿತ್ತು. ಗಡಿಗಳನ್ನಷ್ಟೇ ಓದಿ ಹೇಳಿ ಹೆಬ್ಬೆಟ್ಟು ಒತ್ತಿಸಿದೆ. ಬಾವಿಯ ನೀರಿನ ಪಾಳಿ ಪತ್ರದಲ್ಲಿ ಬಿಟ್ಟುಹೋಗಿದೆಯೆಂದು ಅವನಿಗೆ ತಿಳಿದದ್ದು ಮರುವರ್ಷದ ಬೇಸಗೆಯಲ್ಲಿ. ಅವನು ನನ್ನನ್ನು ಒಂದು ಮಾತೂ ಅನ್ನಲಿಲ್ಲ. "ನೀವು ಓದಿದಿರಿ, ನಾನು ಕೇಳಿಸಿಕೊಳ್ಳಲಿಲ್ಲವೇನೋ ಸ್ವಾಮಿ" ಎಂದ. ನಾನು ಓದಿರಲಿಲ್ಲ. ಆಸ್ಪತ್ರೆಯಲ್ಲಿ ಆ ಮುದುಕನ ನೆನಪಾಯಿತು.

ಅದಕ್ಕಿಂತ ನಾಚಿಕೆಯ ಸಂಗತಿಯೆಂದರೆ, ಈ ವಿಷಯದ ಕಾನೂನು ನನಗೆ ತಿಳಿದಿತ್ತು. 1995ರಲ್ಲಿ ದೆಹಲಿಯ ಸಮೀರಾ ಕೊಹ್ಲಿ ಎಂಬ 44 ವರ್ಷದ ಮಹಿಳೆ ರಕ್ತಸ್ರಾವದ ಕಾರಣ ಪರೀಕ್ಷೆಗೆಂದು ವೈದ್ಯರಲ್ಲಿಗೆ ಹೋದರು. ಅರಿವಳಿಕೆಯಲ್ಲಿದ್ದಾಗ, ಹೊರಗಿದ್ದ ಅವರ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶವನ್ನೇ ತೆಗೆಯಲಾಯಿತು. ಸುಪ್ರೀಂ ಕೋರ್ಟ್ 2008ರ ಜನವರಿ 16ರಂದು ತೀರ್ಪು ಕೊಟ್ಟಿತು. ಬರೆದವರು ಹಿಂದೆ ಕರ್ನಾಟಕ ಹೈಕೋರ್ಟಿನಲ್ಲಿದ್ದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್. ರೋಗಿ ವಯಸ್ಕಳಾಗಿ, ತಾನೇ ತೀರ್ಮಾನಿಸಬಲ್ಲವಳಾಗಿರುವಾಗ, ಪ್ರಾಣಾಪಾಯದ ತುರ್ತು ಇಲ್ಲದಿದ್ದರೆ, ಬೇರೊಬ್ಬರ ಒಪ್ಪಿಗೆ ಅವಳ ಒಪ್ಪಿಗೆಯಾಗದು. ಚಿಕಿತ್ಸೆ ಯಾವುದು, ಏಕೆ, ಬೇರೆ ದಾರಿ ಇದೆಯೇ, ಅಪಾಯಗಳೇನು, ಒಲ್ಲೆನೆಂದರೆ ಏನಾಗುತ್ತದೆ ಎಂಬುದನ್ನು ಅವಳಿಗೆ ತಿಳಿಸಿರಬೇಕು. ಕಿರಿಯ ವಕೀಲರಿಗೆ ಇದನ್ನು ನಾನೇ ವಿವರಿಸಿದ್ದೆ. ನನ್ನ ಮನೆಯವಳ ಹಾಸಿಗೆಯ ಪಕ್ಕ ನಿಂತಾಗ ಅದು ನೆನಪಾಗಲಿಲ್ಲ.

ಕೈಯಲ್ಲಿದ್ದ ಕೇಸಿನ ಕಟ್ಟಿನಿಂದ ಒಂದು ಹಾಳೆ ತೆಗೆದು ಅದರ ಹಿಂಬದಿಯಲ್ಲಿ ಕನ್ನಡಕ್ಕೆ ಇಳಿಸಲು ಕುಳಿತೆ. ಮೊದಲ ಸಾಲಿಗೇ ತೊಡಕು. 'ಪ್ರಸವ ಪ್ರೇರಣೆ' ಎಂದು ಬರೆದೆ. ಅವಳು ಇಣುಕಿ ನೋಡಿ, "ಇದು ಯಾರ ಮನೆಯ ಕನ್ನಡ?" ಎಂದಳು. ಹೊಡೆದುಹಾಕಿ, 'ತಾನಾಗಿ ಬಾರದ ಹೆರಿಗೆ ನೋವನ್ನು ಔಷಧಿ ಕೊಟ್ಟು ಬರಿಸುವುದು' ಎಂದು ಬರೆದೆ. ಹೆರಿಗೆಯಾದ ಮೇಲೆ ರಕ್ತ ಹೆಚ್ಚು ಹೋಗಬಹುದು. ಮಗುವಿನ ಎದೆಬಡಿತ ಏರುಪೇರಾಗಬಹುದು. ಔಷಧಿಗೆ ನೋವು ಬಾರದಿದ್ದರೆ ಆಪರೇಷನ್ ಮಾಡಬೇಕಾಗಬಹುದು. ಮುಂದಿನದಕ್ಕೆ ಪೆನ್ನು ನಿಂತಿತು. ತೀರ ವಿರಳವಾಗಿ ಗರ್ಭಕೋಶ ಹರಿಯಬಹುದು ಎಂದಿತ್ತು. ಈ ಒಂದು ಸಾಲು ಬಿಟ್ಟರೆ ಏನು ಮಹಾ, ಹೆದರಿದವಳನ್ನು ಇನ್ನೂ ಹೆದರಿಸುವುದೇಕೆ ಎಂದು ನನಗೆ ನಾನೇ ವಾದ ಹೂಡಿದೆ. ಕರುಣೆಯ ಹೆಸರಿನಲ್ಲಿ ನಾನು ಬಾವಿಯ ಪಾಳಿಯನ್ನು ಮತ್ತೊಮ್ಮೆ ಬಿಡಲು ಹೊರಟಿದ್ದೆ.

"ಯಾಕೆ ನಿಲ್ಲಿಸಿದಿರಿ?"

ಬರೆದೆ. ಓದಿ ಹೇಳಿದೆ. ಅವಳ ಮುಖ ಬಿಳಿಚಿಕೊಂಡಿತು. ಆದರೆ ಅವಳು ಅಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಡಾಕ್ಟರಮ್ಮನನ್ನು ಕರೆಯಿರಿ. ಕೇಳುವುದಿದೆ" ಎಂದಳು.

ನಮ್ಮ ಪುಣ್ಯಕ್ಕೆ ಆ ಪಾಳಿಯ ಸಿಸ್ಟರ್ ರಾಯದುರ್ಗದ ಕಡೆಯವರು, ಮನೆಮಾತು ಕನ್ನಡ. ವೈದ್ಯೆ ತೆಲುಗಿನವರು. ಎಷ್ಟೇ ಅವಸರವಿದ್ದರೂ ಆಕೆ ಹಾಸಿಗೆಯ ತುದಿಯಲ್ಲಿ ಕುಳಿತರು. ಹಿಂದಿನ ಹೆರಿಗೆ ಆಪರೇಷನ್ನೇ ಎಂದು ಮತ್ತೆ ಕೇಳಿ ಖಚಿತಪಡಿಸಿಕೊಂಡರು. ಗರ್ಭಕೋಶದ ಮೇಲೆ ಹಳೆಯ ಹೊಲಿಗೆಯಿದ್ದರೆ ನೋವು ಬರಿಸುವ ಔಷಧಿಗಳ ಅಪಾಯ ಹೆಚ್ಚು, ಅದನ್ನು ಮುಚ್ಚಿಡಬಾರದು. ನಮ್ಮದು ಸಹಜ ಹೆರಿಗೆಯಾಗಿತ್ತು.

ಪತ್ನಿಯ ಮೊದಲ ಪ್ರಶ್ನೆ: ಕಾಯಬಹುದೇ? ನಾನು ಕೇಳಲೇ ಯೋಚಿಸದ ಪ್ರಶ್ನೆ. ವೈದ್ಯೆ ಎರಡು ಕಡೆಯ ವಾದವನ್ನೂ ಇಟ್ಟರು. ಕಾದಷ್ಟೂ ಸೋಂಕಿನ ಭಯ. ಈಗಲೇ ಹೆತ್ತರೆ ಮಗುವಿಗೆ ಉಸಿರಾಟ, ಮೈ ಬಿಸಿ, ಹಾಲು ಚೀಪುವುದು, ಕಾಮಾಲೆ ಇವುಗಳ ಚಿಂತೆ. ಸೋಂಕಿನ ಗುರುತಿಲ್ಲದಿದ್ದರೆ ಆಸ್ಪತ್ರೆಯಲ್ಲೇ ಇದ್ದು, ಕಣ್ಣಿಟ್ಟು ಕಾಯಬಹುದು ಎಂದರು. ಆಮೇಲೆ ನಾನು ಓದಿ ತಿಳಿದಂತೆ, ಇದು ಆಕೆಯ ಸ್ವಂತ ಧಾರಾಳವಲ್ಲ. 11 ದೇಶಗಳ 1800ಕ್ಕೂ ಹೆಚ್ಚು ಬಸುರಿಯರ ಮೇಲೆ ನಡೆದು 2016ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 34 ರಿಂದ 37 ವಾರಗಳ ನಡುವೆ ನೀರು ಒಡೆದವರಲ್ಲಿ ಕೂಡಲೇ ಹೆರಿಗೆ ಮಾಡಿಸಿದಾಗ ಮಗುವಿನ ಸೋಂಕು ಗಮನಾರ್ಹವಾಗಿ ತಗ್ಗಲಿಲ್ಲ, ಉಸಿರಾಟದ ತೊಂದರೆ ಮಾತ್ರ ಹೆಚ್ಚಿತು. ಕಾದ ತಾಯಂದಿರಲ್ಲಿ ರಕ್ತಸ್ರಾವ ಮತ್ತು ಜ್ವರ ಹೆಚ್ಚಿದ್ದವು.

ಎರಡನೆಯದು: ಔಷಧಿಗೆ ನೋವು ಬಾರದಿದ್ದರೆ ಎಷ್ಟು ಹೊತ್ತು ನೋಡುತ್ತೀರಿ? ಮೂರನೆಯದು: ಮಗುವನ್ನು ಬೇರೆ ಕೋಣೆಗೆ ಒಯ್ದರೆ ಅದಕ್ಕೆ ಹಾಲು ಯಾರದು? ಎರಡಕ್ಕೂ ಸಮಾಧಾನದ ಉತ್ತರ ಸಿಕ್ಕಿತು. ಹಾಲು ನಿನ್ನದೇ, ಹಿಂಡಿ ಒಳಲೆಯಲ್ಲಿ ಕುಡಿಸುತ್ತೇವೆ ಎಂದು ಸಿಸ್ಟರ್ ಕನ್ನಡದಲ್ಲಿ ಹೇಳಿದಾಗ ಅವಳು ಆ ದಿನ ಮೊದಲ ಬಾರಿ ನಕ್ಕಳು. ಕಾಯುತ್ತೇನೆ, ಜ್ವರ ಬಂದರೆ ನೋವು ಬರಿಸಿ ಎಂದಳು. ಅದನ್ನೇ ಕಾಗದದ ಮೇಲೆ ತೆಲುಗಿನಲ್ಲಿ ಬರೆಸಿ, ಕೆಳಗೆ ಕನ್ನಡದಲ್ಲಿ ಸಹಿ ಹಾಕಿದಳು.

ಎರಡೂವರೆ ದಿನ ಕಾದೆವು. ನಾಲ್ಕು ಗಂಟೆಗೊಮ್ಮೆ ಜ್ವರ, ನಾಡಿ, ಮಗುವಿನ ಎದೆಬಡಿತ, ರಕ್ತಪರೀಕ್ಷೆ, ಎರಿಥ್ರೊಮೈಸಿನ್ ಮಾತ್ರೆ. ಈ ಸ್ಥಿತಿಯಲ್ಲಿ ಮನೆಯಲ್ಲಿ ಉಳಿದ ಆಂಟಿಬಯೋಟಿಕ್ಕನ್ನೋ ಅಂಗಡಿಯವರು ಕೊಟ್ಟದ್ದನ್ನೋ ನುಂಗಬಾರದು. ಆಗಾಗ ಕೊಡುವ ಕೋ-ಅಮಾಕ್ಸಿಕ್ಲಾವ್, ಅವಧಿಗೆ ಮುನ್ನ ಹುಟ್ಟುವ ಮಕ್ಕಳ ಕರುಳಿನ ತೀವ್ರ ಕಾಯಿಲೆಗೆ ಸಂಬಂಧಿಸಿದೆಯೆಂದು 2001ರಷ್ಟು ಹಿಂದೆಯೇ ಕಂಡುಬಂದಿದೆ. ಪತ್ನಿ ತನ್ನ ಲೆಕ್ಕವನ್ನು ತಾನೇ ಇಟ್ಟಳು. ಚೀಲದಲ್ಲಿ ಮಗನ ಕಾಪಿ ಪುಸ್ತಕ ಸೇರಿಕೊಂಡು ಬಂದಿತ್ತು. ಅದರ ಕೊನೆಯ ಹಾಳೆಗಳಲ್ಲಿ ಹೊತ್ತು, ಜ್ವರ, ನೀರಿನ ಬಣ್ಣ, ಮಗು ಎಷ್ಟು ಸಲ ಒದೆಯಿತು ಎಂದು ಬರೆಯುತ್ತಿದ್ದಳು. ವೈದ್ಯೆ ಬಂದಾಗ ಸಿಸ್ಟರ್ ಅದನ್ನು ತೆಲುಗಿನಲ್ಲಿ ಓದಿ ಹೇಳುತ್ತಿದ್ದರು.

ಅಮ್ಮ ಬಂದವಳೇ ಒಣ ಹೆರಿಗೆಯ ಮಾತೆತ್ತಿದಳು. ನೀರೆಲ್ಲ ಹೋದ ಮೇಲೆ ಮಗು ಜಾರುವುದು ಹೇಗೆ? ಆ ನೀರಿನ ಹೆಚ್ಚಿನ ಪಾಲು ಮಗುವಿನ ಮೂತ್ರವೇ, ಸೋರುತ್ತಿದ್ದರೂ ಮತ್ತೆ ಬರುತ್ತಿರುತ್ತದೆ ಎಂದಾಗ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಆಕ್ಸಿಟೋಸಿನ್ ಹೆಸರು ಕೇಳಿ ಮಾತ್ರ ಗಂಭೀರಳಾದಳು. "ಅದು ಎಮ್ಮೆ ಹಾಲು ಇಳಿಸುವ ಇಂಜೆಕ್ಷನ್ ಅಲ್ಲವೇನೋ?" ಹೌದು, ಅದೇ. ಆ ದುರುಪಯೋಗವನ್ನು ತಡೆಯುವುದಕ್ಕೆಂದು 2018ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಖಾಸಗಿ ಕಂಪನಿಗಳು ಅದನ್ನು ದೇಶದ ಬಳಕೆಗೆ ತಯಾರಿಸಬಾರದೆಂದು ಆಜ್ಞೆ ಹೊರಡಿಸಿ, ಬೆಂಗಳೂರಿನ ಸರ್ಕಾರಿ ಸಂಸ್ಥೆ ಕರ್ನಾಟಕ ಆಂಟಿಬಯಾಟಿಕ್ಸ್ ಒಂದಕ್ಕೇ ಆ ಕೆಲಸ ವಹಿಸಿತ್ತು. ಹೆರಿಗೆಯ ನಂತರದ ರಕ್ತಸ್ರಾವ ನಿಲ್ಲಿಸಲು ಬೇಕಾದ ಔಷಧಿಯೇ ಅದಾದ್ದರಿಂದ, ಒಂದೇ ಕಾರ್ಖಾನೆಯನ್ನು ನಂಬಿದರೆ ತಾಯಂದಿರ ಗತಿಯೇನು ಎಂದು ಮೊಕದ್ದಮೆ ನಡೆದು, ದೆಹಲಿ ಹೈಕೋರ್ಟ್ ಡಿಸೆಂಬರ್ 14ರಂದು ಆ ಆಜ್ಞೆಯನ್ನು ರದ್ದುಮಾಡಿತು. ನಾನು ಆ ತೀರ್ಪನ್ನು ಓದಿ ಎರಡು ತಿಂಗಳಷ್ಟೇ ಆಗಿತ್ತು. ಅಮ್ಮನಿಗೆ ತೀರ್ಪು ಬೇಕಿರಲಿಲ್ಲ. ಎಮ್ಮೆಗೆ ಒಂದೇ ಸಲ ಚುಚ್ಚುತ್ತಾರೆ, ಇಲ್ಲಿ ಸಲೈನಿನಲ್ಲಿ ಬೆರೆಸಿ ಹನಿ ಎಣಿಸಿ ಬಿಡುತ್ತೇವೆ, ಅರ್ಧ ಗಂಟೆಗೊಮ್ಮೆ ನೋಡಿ ಏರಿಸುತ್ತೇವೆ ಎಂದು ಸಿಸ್ಟರ್ ತೋರಿಸಿದ ಮೇಲೆ ಸುಮ್ಮನಾದಳು.

ಶುಕ್ರವಾರ ಸಂಜೆ ಕಾಪಿ ಪುಸ್ತಕದಲ್ಲಿ 100.6 ಎಂದು ಬಿತ್ತು. ಅರ್ಧ ಗಂಟೆ ಬಿಟ್ಟು ನೋಡಿದರೂ ಅಷ್ಟೇ. ಮಗುವಿನ ಎದೆಬಡಿತವೂ ಏರಿತ್ತು. ವೈದ್ಯೆ ಬಂದು, ಇನ್ನು ಕಾಯುವುದು ಬೇಡವೆಂದರು. ಮತ್ತೆ ಕಾಗದ ಓದುವ ಅಗತ್ಯ ಬೀಳಲಿಲ್ಲ. ಏನೇನು ಆಗಬಹುದೆಂಬುದು ನಮ್ಮ ಹಾಳೆಯಲ್ಲಿತ್ತು, ಅವಳಿಗೆ ಬಾಯಿಪಾಠವಾಗಿತ್ತು. ಆಂಟಿಬಯೋಟಿಕ್ ರಕ್ತನಾಳಕ್ಕೆ ಹೋಯಿತು. ಅವಳ ಗುಂಪಿನ ರಕ್ತ ತೆಗೆದಿರಿಸಿದರು, ಮಕ್ಕಳ ವೈದ್ಯರಿಗೆ ಹೇಳಿ ಕಳುಹಿಸಿದರು. ಹೆರಿಗೆ ಕೋಣೆಗೆ ಜೊತೆಗೊಬ್ಬ ಹೆಂಗಸನ್ನು ಬಿಡುತ್ತಾರೆ. ಅಮ್ಮ ಒಳಗೆ ಹೋದಳು. ಬಾಗಿಲು ಮುಚ್ಚುವ ಮುನ್ನ ಪತ್ನಿ ಆ ಪುಸ್ತಕವನ್ನು ನನ್ನ ಕೈಗಿತ್ತು, "ಇದನ್ನು ಕಳೆಯಬೇಡಿ, ಅವನ ಮನೆಪಾಠ ಇದೆ" ಎಂದಳು.

ಶನಿವಾರ ಬೆಳಗಿನ ಜಾವ ಹೆಣ್ಣು ಮಗು ಹುಟ್ಟಿತು, 2 ಕಿಲೋ 200 ಗ್ರಾಂ. ಅತ್ತಿತು, ಆದರೆ ಉಸಿರು ವೇಗವಾಗಿತ್ತು. ನಾಲ್ಕು ದಿನ ನವಜಾತ ಶಿಶುಗಳ ಘಟಕದಲ್ಲಿತ್ತು. ಪತ್ನಿ ಹಾಲು ಹಿಂಡಿ ಕಳುಹಿಸುತ್ತಿದ್ದಳು. ಐದನೆಯ ದಿನದಿಂದ ಮಗುವನ್ನು ಎದೆಯ ಮೇಲೆ ಮೈಗೆ ಮೈ ತಾಗುವಂತೆ ಮಲಗಿಸಿಕೊಂಡು ಕುಳಿತಿರುತ್ತಿದ್ದಳು. ಎಂಟರ ಮಗು ಈಗ ಕನ್ನಡ ಶಾಲೆಯ ಒಂದನೆಯ ತರಗತಿಯಲ್ಲಿದೆ.

ಸಂವಿಧಾನದ 350ಎ ವಿಧಿಯನ್ನು ನಾವು ಶಾಲೆಗಾಗಿ ಅನೇಕ ಸಲ ಎತ್ತಿ ಆಡಿದ್ದೇವೆ. ಮಕ್ಕಳು ಅ, ಆ ಕಲಿಯುವುದಕ್ಕೆ ಮನೆಮಾತು ಬೇಕೆಂದು ಅರ್ಜಿ ಬರೆದುಕೊಟ್ಟವನು ನಾನೇ. ಅವರ ತಾಯಂದಿರು ಹೆರಿಗೆಗೆ ಹೋದಾಗ ಅವರ ಕೈಗೆ ಬರುವ ಕಾಗದದ ಯೋಚನೆ ನನಗೆ ಬಂದದ್ದು ನನ್ನ ಮನೆಗೇ ಅದು ಬಂದಾಗ. ಅಲ್ಲಿಂದೀಚೆಗೆ ನನ್ನ ಕಚೇರಿಯಲ್ಲಿ ಯಾವ ಪತ್ರವನ್ನೂ ಪೂರ್ತಿ ಓದಿ ಹೇಳದೆ ಹೆಬ್ಬೆಟ್ಟು ಒತ್ತಿಸಿಲ್ಲ. ಗುಮಾಸ್ತರಿಗೆ ಇದರಿಂದ ಬೇಸರವಿದೆ. ಆ ಮುದುಕನ ಬಾವಿಯ ಪಾಳಿಗೆ ಶುಲ್ಕವಿಲ್ಲದೆ ತಿದ್ದುಪಡಿ ಪತ್ರ ಮಾಡಿಸಲು ಅವನ ಅಣ್ಣತಮ್ಮಂದಿರ ಮನೆಗಳಿಗೆ ಮೂರು ಸಲ ಹೋಗಿ ಬಂದೆ. ಇಬ್ಬರು ಒಪ್ಪಿದರು. ಒಬ್ಬ ಇನ್ನೂ ಒಪ್ಪಿಲ್ಲ.

ಬೇವಿನ ಮರದ ಕೆಳಗೆ ಸಿಕ್ಕವರ ಮನೆಗೆ ಕಳೆದ ಭಾನುವಾರ ಪತ್ನಿಯೊಡನೆ ಹೋಗಿದ್ದೆ. ಆ ಹಳೆಯ ಹಾಳೆಯನ್ನು ಒಯ್ದಿದ್ದೆವು. ಪತ್ನಿಯೇ ಅದನ್ನು ಓದಿ ಹೇಳಿದಳು, ಗರ್ಭಕೋಶ ಹರಿಯುವ ಸಾಲನ್ನೂ ಬಿಡದೆ. ಆ ತಾಯಿ ಕೊನೆಯವರೆಗೆ ಕೇಳಿ, ತನಗೆ ಸಕ್ಕರೆ ಕಾಯಿಲೆಯಿದೆ, ಅದರಿಂದ ಇದರಲ್ಲಿ ಏನಾದರೂ ಬದಲಾಗುತ್ತದೆಯೇ ಎಂದು ಕೇಳಿದರು. ನಮಗೆ ತಿಳಿದಿರಲಿಲ್ಲ. ಮುಂದಿನ ತಪಾಸಣೆಯಲ್ಲಿ ಕೇಳಲು ಅವರ ತಾಯಿ ಕಾರ್ಡಿನ ಹಿಂಬದಿಯಲ್ಲಿ ಅವರೇ ಆ ಪ್ರಶ್ನೆಯನ್ನು ಕನ್ನಡದಲ್ಲಿ ಬರೆದುಕೊಂಡರು.